ಫಿಟ್ ಟೆಸ್ಟ್‌ನಲ್ಲಿ 23ಕ್ಕೆ 23 ಜನ ಪಾಸ್: ಖುಷಿ ಪಡಬೇಕಾ, ಅನುಮಾನ ಪಡಬೇಕಾ?

ಪೀಣ್ಯ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಫೌಂಡ್ರಿಯಲ್ಲಿ ಸೇಫ್ಟಿ ನೋಡಿಕೊಳ್ಳುತ್ತೇನೆ. ಸೇಫ್ಟಿ ಅಂದರೆ ಬರೀ ಸೇಫ್ಟಿ ಅಲ್ಲ. ಸ್ಟೋರ್ಸ್ ಕೂಡ ನಂದೇ, ಕ್ಯಾಂಟೀನ್ ಕೂಪನ್ ಕೂಡ ನಂದೇ.

ಕಳೆದ ತಿಂಗಳು ಹೊರದೇಶದ ಗಿರಾಕಿಯ ಕಡೆಯಿಂದ ಆಡಿಟ್ ಇತ್ತು. ಫೆಟ್ಲಿಂಗ್ ವಿಭಾಗದಲ್ಲಿ, ಅಂದರೆ ಎರಕದ ಅಂಚು ಉಜ್ಜಿ ನಯ ಮಾಡುವ ಕಡೆ, ಎಲ್ಲರೂ ಮಾಸ್ಕ್ ಹಾಕಿಕೊಂಡೇ ಗ್ರೈಂಡಿಂಗ್ ಮಾಡುತ್ತಿದ್ದರು. ಆಡಿಟರ್ ನೋಡಿ ತಲೆಯಾಡಿಸಿದರು. ಗೆದ್ದೆ ಅಂದುಕೊಂಡೆ. ಆಮೇಲೆ ಆಫೀಸಿನಲ್ಲಿ ಕೂತು ಕಾಫಿ ಕುಡಿಯುತ್ತಾ, "ಇವರ ಫಿಟ್ ಟೆಸ್ಟ್ ದಾಖಲೆ ತೋರಿಸಿ" ಅಂದರು. ನನಗೆ ಮೆಡಿಕಲ್ ಫಿಟ್ನೆಸ್ ಸರ್ಟಿಫಿಕೇಟ್ ಮಾತ್ರ ಗೊತ್ತಿತ್ತು. ಅದನ್ನೇ ತಂದು ಕೊಟ್ಟೆ. ಅವರು ನಕ್ಕರು.

ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೋ ಇಲ್ಲವೋ ಅಂತ ಒಬ್ಬೊಬ್ಬರಿಗೂ ಪರೀಕ್ಷೆ ಮಾಡಬೇಕಂತೆ. ಮಾಲೀಕರನ್ನು ಒಪ್ಪಿಸಿ ಸ್ಯಾಕರಿನ್ (ಸಕ್ಕರೆಯ ಬದಲು ಬಳಸುವ ಸಿಹಿ) ಕಿಟ್ ತರಿಸಿದೆ. ತಲೆಗೆ ಹಾಕುವ ಒಂದು ಹುಡ್, ಎರಡು ಬಾಟಲಿ ದ್ರಾವಣ (ನಾಲಿಗೆ ಪರೀಕ್ಷಿಸಲು ತೆಳುವಾದದ್ದು, ಟೆಸ್ಟಿಗೆ ಗಟ್ಟಿಯಾದದ್ದು), ಬಲ್ಬ್ ಒತ್ತಿದರೆ ಮಂಜು ಬರುವ ಎರಡು ನೆಬ್ಯುಲೈಜರ್. ಹುಡ್ ಒಳಗೆ ಸಿಹಿ ಮಂಜು ಬಿಡಬೇಕು. ಮಾಸ್ಕ್ ಹಾಕಿದವನಿಗೆ ಸಿಹಿ ಗೊತ್ತಾದರೆ ಫೇಲ್, ಗೊತ್ತಾಗದಿದ್ದರೆ ಪಾಸ್.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದೆ. ಊಟದ ಬೆಲ್ ಹೊಡೆಯುವ ಹೊತ್ತಿಗೆ, ಅಂದರೆ ಒಂದು ಗಂಟೆಗೆ, 23 ಜನರೂ ಮುಗಿದರು. ಎಲ್ಲರೂ ಪಾಸ್. ಒಬ್ಬನಿಗೂ ಸಿಹಿ ಗೊತ್ತಾಗಲಿಲ್ಲ.

ಈಗ ನನ್ನ ಪ್ರಶ್ನೆ ಎರಡೇ. ದಾಖಲೆಯಲ್ಲಿ ಏನೇನು ಬರೆಯಬೇಕು? ಮತ್ತೆ ಇದನ್ನು ವರ್ಷ ವರ್ಷ ಮಾಡಬೇಕಾ, ಒಂದು ಸಲ ಸಾಕಾ?

ಗಾಳಿ ಅಳೆಯುವವಳು

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ಅಮೆರಿಕದ ಓಶಾ (ಅಲ್ಲಿನ ಕೆಲಸಗಾರರ ಸುರಕ್ಷತೆಯ ಸರ್ಕಾರಿ ಸಂಸ್ಥೆ) ನಿಯಮ, ಅಂದರೆ 1910.134, ವರ್ಷಕ್ಕೊಮ್ಮೆ ಅನ್ನುತ್ತದೆ. ನಿಮ್ಮ ಆಡಿಟರ್ ಬಹುಶಃ ಅದನ್ನೇ ಹಿಡಿದುಕೊಂಡು ಬಂದಿರುತ್ತಾರೆ. ಮಾಸ್ಕಿನ ಮಾಡೆಲ್ ಅಥವಾ ಸೈಜ್ ಬದಲಾದರೆ ವರ್ಷ ತುಂಬುವ ತನಕ ಕಾಯಬಾರದು, ಆಗಲೇ ಮತ್ತೆ ಮಾಡಬೇಕು. ಹಲ್ಲು ಕೀಳಿಸಿದರೆ, ಮುಖಕ್ಕೆ ಗಾಯವಾಗಿ ಗುರುತು ಉಳಿದರೆ, ಮೈತೂಕ ಕಣ್ಣಿಗೆ ಕಾಣುವಷ್ಟು ಏರಿದರೆ ಅಥವಾ ಇಳಿದರೆ, ಆಗಲೂ ಅಷ್ಟೆ. ದಾಖಲೆಯಲ್ಲಿ ಕೆಲಸಗಾರರ ಹೆಸರು, ಯಾವ ಬಗೆಯ ಟೆಸ್ಟ್, ಮಾಸ್ಕಿನ ತಯಾರಕರು, ಮಾಡೆಲ್, ಸೈಜ್, ದಿನಾಂಕ, ಪಾಸೋ ಫೇಲೋ, ಇಷ್ಟಿದ್ದರೆ ಆಯಿತು.

ಆದರೆ ಸರ್, ದಯವಿಟ್ಟು ಆ ದಾಖಲೆಗೆ ಇನ್ನೂ ಸಹಿ ಹಾಕಬೇಡಿ.

23ಕ್ಕೆ 23 ಪಾಸ್ ಅಂದ ಕೂಡಲೇ ನನಗೆ ಅನುಮಾನ ಬಂತು. 23 ಮುಖ, ಒಂದೇ ಡಬ್ಬದ ಮಾಸ್ಕ್, ಒಬ್ಬನೂ ಫೇಲ್ ಇಲ್ಲ ಅಂದರೆ ಮಾಸ್ಕನ್ನು ಹೊಗಳುವ ಮೊದಲು ಟೆಸ್ಟನ್ನು ನೋಡಬೇಕು. ಲೆಕ್ಕ ಹಾಕಿ. ನಾಲ್ಕು ಗಂಟೆಗೆ 23 ಜನ ಅಂದರೆ ತಲೆಗೆ ಹತ್ತು ನಿಮಿಷ ಚಿಲ್ಲರೆ. ಹುಡ್ ಒಳಗಿನ ವ್ಯಾಯಾಮಕ್ಕೇ ಏಳು ನಿಮಿಷ ಬೇಕು. ಸಾಮಾನ್ಯ ಉಸಿರು, ಆಳವಾದ ಉಸಿರು, ತಲೆ ಎಡಕ್ಕೆ ಬಲಕ್ಕೆ, ತಲೆ ಮೇಲಕ್ಕೆ ಕೆಳಕ್ಕೆ, ಮಾತು, ಸೊಂಟ ಬಗ್ಗಿಸುವುದು, ಕೊನೆಗೆ ಮತ್ತೆ ಸಾಮಾನ್ಯ ಉಸಿರು. ಒಂದೊಂದಕ್ಕೆ ಒಂದು ನಿಮಿಷ. ಅದಕ್ಕೂ ಮೊದಲು ಮಾಸ್ಕ್ ಇಲ್ಲದೆ ನಾಲಿಗೆಯ ಪರೀಕ್ಷೆ ಇದೆ. ಮಾಸ್ಕ್ ಹಾಕಿದ ಮೇಲೆ ಕನಿಷ್ಠ ಐದು ನಿಮಿಷ ಹಾಗೇ ಇರಬೇಕು. ನೀವು ಯಾವುದನ್ನು ಬಿಟ್ಟಿರಿ?

ಇನ್ನು ಮೂರು ಪ್ರಶ್ನೆ.

ಮಾಸ್ಕ್ ಇಲ್ಲದೆ ತೆಳು ದ್ರಾವಣ ಬಿಟ್ಟಾಗ ಎಷ್ಟು ಸಲ ಒತ್ತಿದ ಮೇಲೆ ಸಿಹಿ ಗೊತ್ತಾಯಿತು ಅಂತ ಬರೆದಿಟ್ಟಿದ್ದೀರಾ? ಹತ್ತು, ಇಪ್ಪತ್ತು, ಮೂವತ್ತು, ಇದರಲ್ಲಿ ಒಂದು ಇರಬೇಕು. ಮೂವತ್ತಕ್ಕೂ ಗೊತ್ತಾಗದವರಿಗೆ ಸ್ಯಾಕರಿನ್ ಟೆಸ್ಟ್ ಮಾಡುವಂತಿಲ್ಲ. ಅವರ ನಾಲಿಗೆಗೆ ಅದು ಹತ್ತುವುದೇ ಇಲ್ಲ.

ಟೆಸ್ಟಿಗೆ ಮೊದಲು 15 ನಿಮಿಷ ಯಾರೂ ಏನೂ ಬಾಯಿಗೆ ಹಾಕಿರಲಿಲ್ಲ ತಾನೇ? ನೀರು ಮಾತ್ರ ಕುಡಿಯಬಹುದು. ಟೀ, ಬೀಡಿ, ಎಲೆ ಅಡಿಕೆ, ಗುಟ್ಕಾ ಯಾವುದೂ ಕೂಡದು. ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಪಾಸ್ ಆದವರನ್ನು ನಾನೇ ನೋಡಿದ್ದೇನೆ.

ಕೊನೆಯದು ಮುಖ್ಯ. ಹನ್ನೊಂದು ಗಂಟೆಯ ಮೇಲೆ ಆ ನೆಬ್ಯುಲೈಜರ್‌ನಿಂದ ಮಂಜು ಬರುತ್ತಿತ್ತಾ? ಕಣ್ಣಾರೆ ನೋಡಿದಿರಾ?

ಪೀಣ್ಯ ಎರಡನೇ ಹಂತ

ಮೇಡಂ, ಈಗಷ್ಟೇ ಸ್ಟೋರ್ಸ್‌ಗೆ ಹೋಗಿ ಬಂದೆ. ಕಿಟ್ ತೆಗೆದು ಕಪ್ಪು ಫೈಲಿನ ಮುಂದೆ ಹಿಡಿದು ಒತ್ತಿದೆ. ತೆಳು ದ್ರಾವಣದ್ದು ಸರಿಯಾಗಿದೆ, ಮಂಜು ಬರುತ್ತದೆ. ಟೆಸ್ಟಿನದು ಬರೀ "ಪುಸ್" ಅನ್ನುತ್ತದೆ, ಏನೂ ಬರುವುದಿಲ್ಲ. ಮೂತಿಯಲ್ಲಿ ಬಿಳಿ ಕಲ್ಲುಸಕ್ಕರೆ ಥರ ಗಟ್ಟಿಯಾಗಿ ಕೂತಿದೆ. ಬೆಳಿಗ್ಗೆ ಎಷ್ಟನೆಯವನ ತನಕ ಸರಿಯಾಗಿತ್ತೋ ದೇವರೇ ಬಲ್ಲ.

ನಾಲಿಗೆಯ ಪರೀಕ್ಷೆ ಮಾಡಿದ್ದೆ. ಐದು ನಿಮಿಷ ಕಾಯಿಸಿದ್ದು ಮೊದಲ ನಾಲ್ಕೈದು ಜನರಿಗೆ ಮಾತ್ರ. ಆಮೇಲೆ ಸೂಪರ್‌ವೈಸರ್ ಬಂದು "ಲೈನ್ ನಿಂತಿದೆ, ಬೇಗ ಬಿಡಿ" ಅಂತ ಕೂಗಾಡಿದ. ಬಗ್ಗುವುದನ್ನೂ ಬಿಟ್ಟೆ. ಹುಡ್ ಹಾಕಿಕೊಂಡು ಬಗ್ಗಿದರೆ ಎಲ್ಲರೂ ನಗುತ್ತಿದ್ದರು.

ಸುಮ್ನೆ ಒಂದು ಶನಿವಾರ ಹಾಳಾಯಿತು.

ಗಾಳಿ ಅಳೆಯುವವಳು

ಹಾಳಾಗಲಿಲ್ಲ ಬಿಡಿ. ಟೆಸ್ಟ್ ದ್ರಾವಣದಲ್ಲಿ 100 ಮಿಲಿ ನೀರಿಗೆ 83 ಗ್ರಾಂ ಸ್ಯಾಕರಿನ್ ಇರುತ್ತದೆ. ತೆಳು ದ್ರಾವಣದಲ್ಲಿ 0.83 ಗ್ರಾಂ, ನೂರು ಪಟ್ಟು ಕಡಿಮೆ. ಒಂದು ರೀತಿ ಪಾಕ ಅದು. ಕಟ್ಟಿಕೊಳ್ಳದೆ ಇರುತ್ತಾ? ನಾಲ್ಕು ಗಂಟೆಗೊಮ್ಮೆಯಾದರೂ ಬಿಸಿನೀರಿನಲ್ಲಿ ತೊಳೆದು, ಕೊಡವಿ, ಹೊಸದಾಗಿ ತುಂಬಬೇಕು. ನಡುನಡುವೆ ಮಂಜು ನೋಡುತ್ತಿರಬೇಕು. ಕಟ್ಟಿಕೊಂಡಿದ್ದು ಸಿಕ್ಕರೆ ಹಿಂದಿನದೆಲ್ಲ ರದ್ದು.

ನಾನು ಮಾಡುವ ಒಂದು ಉಪಾಯ ಹೇಳುತ್ತೇನೆ. ಏಳೂ ವ್ಯಾಯಾಮ ಮುಗಿದು ಪಾಸ್ ಅಂತಾದ ಮೇಲೆ, ಹುಡ್ ತೆಗೆಯುವ ಮೊದಲು ಮಾಸ್ಕಿನ ಅಂಚನ್ನು ಬೆರಳಿನಿಂದ ಸ್ವಲ್ಪ ಎತ್ತಲು ಹೇಳಿ. ಆ ಕ್ಷಣವೇ ಮುಖ ಕಿವುಚಿ "ಅಯ್ಯೋ ಸಿಹಿ" ಅನ್ನಬೇಕು. ಅನ್ನದಿದ್ದರೆ ಅಲ್ಲಿ ಮಂಜೇ ಇರಲಿಲ್ಲ ಅಂತ ಅರ್ಥ.

ನಾಲಿಗೆಯ ಪರೀಕ್ಷೆಯಲ್ಲಿ ಒಬ್ಬನಿಗೆ ಇಪ್ಪತ್ತಕ್ಕೆ ಸಿಹಿ ಗೊತ್ತಾಯಿತು ಅಂದರೆ, ಟೆಸ್ಟಿನಲ್ಲೂ ಮೊದಲು ಇಪ್ಪತ್ತು ಸಲ ಒತ್ತಿ, ಆಮೇಲೆ ಪ್ರತಿ 30 ಸೆಕೆಂಡಿಗೆ ಹತ್ತು ಸಲ ಒತ್ತುತ್ತಾ ಇರಬೇಕು. ಮೊದಲು ಒತ್ತಿದ್ದರ ಅರ್ಧ, ಇದೇ ಲೆಕ್ಕ. ಇಲ್ಲದಿದ್ದರೆ ಹುಡ್ ಒಳಗಿನ ಮಂಜು ಕಡಿಮೆಯಾಗುತ್ತಾ ಹೋಗುತ್ತದೆ. ಹೆಬ್ಬೆರಳು ನೋಯುತ್ತದೆ, ಜೊತೆಗೆ ಒಬ್ಬರನ್ನು ಇಟ್ಟುಕೊಳ್ಳಿ.

ಖರ್ಚು ಲೆಕ್ಕ

ನಾನು ಕಾಮಾಕ್ಷಿಪಾಳ್ಯದಲ್ಲಿ ಒಂದು ಸಣ್ಣ ಯೂನಿಟ್ ನಡೆಸುತ್ತೇನೆ. 14 ಜನ ಇದ್ದಾರೆ. ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎನ್‌95 ಅಂತ ಬರೆದಿದೆ, 95 ಪರ್ಸೆಂಟ್ ತಡೆಯುತ್ತದೆ ಅಂತ ಸರ್ಟಿಫಿಕೇಟ್ ಇದೆ. ನಾನು ದುಡ್ಡು ಕೊಟ್ಟು ತಂದಿದ್ದೇನೆ. ಅದನ್ನು ಮತ್ತೆ ಪ್ರತಿಯೊಬ್ಬನ ಮುಖದ ಮೇಲೆ ಇಟ್ಟು ನಾನೇ ಯಾಕೆ ಪರೀಕ್ಷೆ ಮಾಡಬೇಕು? ಹೆಲ್ಮೆಟ್ ತಂದರೆ ಅದರ ಮೇಲೆ ಕಲ್ಲು ಎತ್ತಿಹಾಕಿ ನೋಡುತ್ತೇವಾ? ಇದೆಲ್ಲ ಆಡಿಟ್ ಕಂಪನಿಗಳು ಹುಟ್ಟುಹಾಕಿದ ಕಾಗದದ ಕೆಲಸ ಅಂತ ನನ್ನ ಅನಿಸಿಕೆ.

ಗಾಳಿ ಅಳೆಯುವವಳು

ಬೇಜಾರೇನೂ ಇಲ್ಲ ಸರ್. ಈ ಪ್ರಶ್ನೆ ಕೇಳದ ಮಾಲೀಕರನ್ನು ನಾನು ಇನ್ನೂ ನೋಡಿಲ್ಲ.

ಆ 95 ಅನ್ನುವುದು ಬಟ್ಟೆಯ ಮಾರ್ಕ್ಸ್, ಮುಖದ್ದಲ್ಲ. ಮಾಸ್ಕಿನ ಬಟ್ಟೆಯ ಮೂಲಕ ಹಾದು ಬರುವ ಗಾಳಿಯಲ್ಲಿ ಎಷ್ಟು ಕಣ ನಿಲ್ಲುತ್ತದೆ ಅಂತ ಅದು ಹೇಳುತ್ತದೆ. ಮೂಗಿನ ಪಕ್ಕ ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೆ ಗಾಳಿ ಬಟ್ಟೆಯ ಮೂಲಕ ಯಾಕೆ ಬರುತ್ತದೆ? ನೀರಿನ ಹಾಗೆ, ಸಲೀಸಾದ ದಾರಿ ಹುಡುಕುತ್ತದೆ. ಸೊಳ್ಳೆ ಪರದೆ ಎಷ್ಟೇ ಒಳ್ಳೆಯದಾದರೂ ಹಾಸಿಗೆಯ ಅಡಿಗೆ ಸಿಕ್ಕಿಸದೆ ಬಿಟ್ಟರೆ ರಾತ್ರಿ ನಿದ್ದೆ ಬರುತ್ತಾ?

ಹೆಲ್ಮೆಟ್ ತಲೆಯ ಮೇಲೆ ಕೂತರೆ ಸಾಕು. ಮಾಸ್ಕ್ ಮುಖಕ್ಕೆ ಅಂಟಬೇಕು. ಚಪ್ಪಲಿಗೆ ಹೋಲಿಸಿ ನೋಡಿ. 14 ಜನಕ್ಕೂ ಎಂಟನೇ ನಂಬರಿನ ಸೇಫ್ಟಿ ಶೂ ತರಿಸುತ್ತೀರಾ?

ಇನ್ನು ಅಂಕಿಯ ಮಾತು. ಯಂತ್ರ ಇಟ್ಟು ಮಾಡುವ ಟೆಸ್ಟಿನಲ್ಲಿ ಮಾಸ್ಕಿನ ಹೊರಗಿನ ಕಣಗಳನ್ನು ಒಳಗಿನ ಕಣಗಳಿಂದ ಭಾಗಿಸುತ್ತಾರೆ. ಬರುವ ಸಂಖ್ಯೆಗೆ ಫಿಟ್ ಫ್ಯಾಕ್ಟರ್ ಅನ್ನುತ್ತಾರೆ. ಅರ್ಧಮುಖದ ಮಾಸ್ಕಿಗೆ (ಮೂಗು, ಬಾಯಿ ಮಾತ್ರ ಮುಚ್ಚುವಂಥದ್ದು, ನಿಮ್ಮ ಎನ್‌95 ಕೂಡ ಇದೇ) ಕನಿಷ್ಠ 100, ಪೂರ್ತಿಮುಖದ್ದಕ್ಕೆ 500 ಬರಬೇಕು. ನೂರು ಬಂದರೂ ಕೆಲಸದ ಜಾಗದಲ್ಲಿ ಅರ್ಧಮುಖದ ಮಾಸ್ಕನ್ನು ಹತ್ತು ಪಟ್ಟು ರಕ್ಷಣೆ ಅಂತ ಮಾತ್ರ ಲೆಕ್ಕ ಹಿಡಿಯುತ್ತಾರೆ. ಬೆವರು, ಮಾತು, ಸಂಜೆಯ ಸುಸ್ತು ಎಲ್ಲ ಇರುತ್ತದಲ್ಲ, ಅದಕ್ಕೆ. ಉಸಿರಿನಲ್ಲಿ ಒಳಹೋಗುವ ಸಿಲಿಕಾಕ್ಕೆ, ಅಂದರೆ ಮರಳು, ಕಲ್ಲಿನ ಸಣ್ಣ ಧೂಳಿಗೆ, ಓಶಾ ಮಿತಿ ಒಂದು ಘನ ಮೀಟರ್ ಗಾಳಿಗೆ 0.05 ಮಿಲಿಗ್ರಾಂ. ಹಾಗಾದರೆ 0.5 ಮಿಲಿಗ್ರಾಂ ತನಕ ಮಾತ್ರ ಈ ಮಾಸ್ಕ್ ನಡೆಯುತ್ತದೆ. ಅದೂ ಫಿಟ್ ಟೆಸ್ಟ್ ಪಾಸಾಗಿದ್ದರೆ. ಪಾಸಾಗದವನಿಗೆ ಆ ಹತ್ತೂ ಇಲ್ಲ.

ಯಂತ್ರದ ಬೆಲೆ ಲಕ್ಷಗಟ್ಟಲೆ, ನಿಮಗೆ ಅದು ಬೇಡ. ಅರ್ಧಮುಖದ ಮಾಸ್ಕಿಗೆ ಈ ಸಿಹಿ ಮಂಜಿನ ಟೆಸ್ಟ್ ಸಾಕು. ಪೂರ್ತಿಮುಖದ್ದಕ್ಕೆ 500 ತೋರಿಸಬೇಕಾದರೆ ಮಾತ್ರ ಯಂತ್ರವೇ ಬೇಕು. ಸುತ್ತಲಿನ ಗಾಳಿಯ ಕಣಗಳನ್ನೇ ಎಣಿಸುವ ಯಂತ್ರಗಳಿವೆ. ಪೀಣ್ಯದಲ್ಲಿ ಅದಕ್ಕೆ ಕಣಗಳ ಬರ ಬರುವುದಿಲ್ಲ ಬಿಡಿ.

ನೈಟ್ ಶಿಫ್ಟ್ ಸಿಸ್ಟರ್

ನಾನು ಕಾರ್ಖಾನೆಯವಳಲ್ಲ, ಆಸ್ಪತ್ರೆಯವಳು. ಆದರೂ ಬರೆಯಬೇಕು ಅನ್ನಿಸಿತು.

2020ರಲ್ಲಿ ನಮ್ಮ ವಾರ್ಡಿಗೆ ಒಂದೇ ಅಳತೆಯ ಮಾಸ್ಕ್ ಬರುತ್ತಿತ್ತು. ನನ್ನದು ಸಣ್ಣ ಮುಖ. ಗಲ್ಲದ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತಿತ್ತು. ಕನ್ನಡಕ ಪ್ರತಿ ಉಸಿರಿಗೂ ಮಂಜಾಗುತ್ತಿತ್ತು. ನಾನು ಕನ್ನಡಕವನ್ನು ಬೈಯುತ್ತಿದ್ದೆ. ಅದು ಮೂಗಿನ ಹತ್ತಿರ ಗಾಳಿ ಸೋರುತ್ತಿರುವ ಗುರುತು ಅಂತ ಹೇಳಿಕೊಟ್ಟಿದ್ದು ಆಮೇಲೆ ಬಂದ ಒಬ್ಬ ಹಿರಿಯ ಸಿಸ್ಟರ್. ಕಿವಿಗೆ ಸಿಕ್ಕಿಸುವ ಮಾಸ್ಕ್ ಬಿಟ್ಟು ತಲೆಗೆ ಎರಡು ಪಟ್ಟಿ ಬರುವುದನ್ನು ಹಾಕಿದ ಮೇಲೆ ಎಷ್ಟೋ ವಾಸಿಯಾಯಿತು. ಮೇಲಿನ ಪಟ್ಟಿ ನೆತ್ತಿಯ ಹಿಂದೆ, ಕೆಳಗಿನದು ಕಿವಿಯ ಕೆಳಗೆ ಕತ್ತಿನ ಹತ್ತಿರ. ಎರಡನ್ನೂ ಕತ್ತಿಗೇ ಹಾಕಿಕೊಳ್ಳುವವರು ಈಗಲೂ ಇದ್ದಾರೆ.

ಮೂಗಿನ ತಂತಿಯನ್ನು ಒಂದೇ ಕೈಯಿಂದ ಚಿವುಟಬೇಡಿ. ನಡುವೆ ಚೂಪಾಗಿ ಎರಡು ಕಡೆ ಸಂದಿ ಬೀಳುತ್ತದೆ. ಎರಡೂ ಕೈಯ ಬೆರಳಿಂದ ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತಾ ಹೋಗಬೇಕು.

ಇನ್ನೊಂದು. ವರ್ಷಕ್ಕೊಮ್ಮೆಯ ಫಿಟ್ ಟೆಸ್ಟ್ ಬೇರೆ, ದಿನಾ ಮಾಡುವ ಸೀಲ್ ಚೆಕ್ ಬೇರೆ. ಪ್ರತಿ ಸಲ ಹಾಕಿದಾಗಲೂ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ, ಆಮೇಲೆ ಎಳೆದುಕೊಳ್ಳಿ. ಅಂಚಿನಿಂದ ಕಣ್ಣಿಗೆ ಗಾಳಿ ಹೊಡೆದರೆ ಸರಿಮಾಡಿಕೊಳ್ಳಿ. ಅರ್ಧ ನಿಮಿಷದ ಕೆಲಸ. ಆದರೆ ಸೀಲ್ ಚೆಕ್ ಮಾಡಿದ್ದೇವೆ, ಫಿಟ್ ಟೆಸ್ಟ್ ಬೇಡ ಅನ್ನುವ ಹಾಗಿಲ್ಲ.

ಪೀಣ್ಯದ ಅಣ್ಣನಿಗೆ ಒಂದು ಪ್ರಶ್ನೆ: ನಿಮ್ಮ 23 ಜನರಲ್ಲಿ ಹೆಂಗಸರು ಎಷ್ಟು? ಅವರಿಗೆ ಯಾವ ಸೈಜ್ ಕೊಟ್ಟಿದ್ದೀರಿ?

ಪೀಣ್ಯ ಎರಡನೇ ಹಂತ

ಐದು ಜನ, ಕೋರ್ ಶಾಪಿನಲ್ಲಿ, ಅಂದರೆ ಅಚ್ಚಿನೊಳಗೆ ಇಡುವ ಮರಳಿನ ತುಂಡು ಮಾಡುವ ಕಡೆ. ಸೈಜ್ ಅಂತ ಯೋಚನೆಯನ್ನೇ ಮಾಡಿರಲಿಲ್ಲ ಸಿಸ್ಟರ್. ಡಬ್ಬದ ಮೇಲೆ ಸೈಜ್ ಬರೆದಿರುತ್ತದೆ ಅಂತ ಇವತ್ತು ಕಣ್ಣಿಗೆ ಬಿತ್ತು. ಮೂರು ವರ್ಷದಿಂದ ನಾನೇ ಅದಕ್ಕೆ ಸಹಿ ಹಾಕಿ ಒಳಗೆ ತೆಗೆದುಕೊಳ್ಳುತ್ತಿದ್ದೇನೆ.

ಜಿಗಣಿ ಕಲ್ಲು

ನಾನು ಜಿಗಣಿಯಲ್ಲಿ ಗ್ರಾನೈಟ್ ಸ್ಲ್ಯಾಬ್ ಕೆಲಸದಲ್ಲಿ ಹನ್ನೆರಡು ವರ್ಷ ಇದ್ದವನು. ನಮ್ಮ ತಾತ ಕೆಜಿಎಫ್ ಗಣಿಯಲ್ಲಿದ್ದರು. ಕೊನೆಕೊನೆಗೆ ಅವರು ಮಲಗುತ್ತಿರಲಿಲ್ಲ. ಗೋಡೆಗೆ ದಿಂಬು ಒರಗಿಸಿ ಕೂತೇ ರಾತ್ರಿ ಕಳೆಯುತ್ತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮನೆಯಲ್ಲಿ ಅದಕ್ಕೆ "ಗಣಿ ಕೆಮ್ಮು" ಅನ್ನುತ್ತಿದ್ದರು. ಸಿಲಿಕಾ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಈ ರೋಗಕ್ಕೆ ಸಿಲಿಕೋಸಿಸ್ ಅನ್ನುವ ಹೆಸರಿದೆ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಗಣಿ 2001ರಲ್ಲಿ ಮುಚ್ಚಿತು. ತಾತ ಅದಕ್ಕೂ ಮೊದಲೇ ಹೋದರು.

ಇಲ್ಲಿ ಎಲ್ಲರೂ ಮಾಸ್ಕಿನ ಬಗ್ಗೆ ಮಾತಾಡುತ್ತಿದ್ದೀರಿ, ಒಳ್ಳೆಯದೇ. ಆದರೆ ಮಾಸ್ಕ್ ಕೊನೆಯ ಬಾಗಿಲು. ಮೊದಲಿನ ಬಾಗಿಲು ಯಾಕೆ ತೆರೆದಿಟ್ಟಿದ್ದೀರಿ? ನೀರು ಹಾಕಿ ಕತ್ತರಿಸಿದರೆ ಧೂಳು ಏಳುವುದು ಎಷ್ಟೋ ಕಡಿಮೆ. ದೊಡ್ಡ ಕಟಿಂಗ್ ಮಿಷನ್ನಿಗೆ ನೀರು ಇರುತ್ತದೆ. ಅಂಚು ಉಜ್ಜುವ ಕೈ ಗ್ರೈಂಡರ್‌ಗೆ ಮಾತ್ರ ಯಾರೂ ನೀರು ಹಾಕುವುದಿಲ್ಲ, ಅಲ್ಲೇ ಇರುವುದು ಕಷ್ಟ. 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್ ಕೇಳಿದ್ದೂ ಅದನ್ನೇ, ಧೂಳು ಹುಟ್ಟುವ ಜಾಗಕ್ಕೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರದಲ್ಲಿ ಹೀರಿಕೊಳ್ಳಿ ಅಂತ. ಸಿಲಿಕೋಸಿಸ್ ಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯೂ ಅದರಲ್ಲೇ ಇತ್ತು.

ಒಮ್ಮೆ ಶ್ವಾಸಕೋಶದಲ್ಲಿ ಗಂಟು ಕಟ್ಟಿದರೆ ಅದನ್ನು ಕರಗಿಸುವ ಔಷಧಿ ಇಲ್ಲ.

ಪೀಣ್ಯ ಎರಡನೇ ಹಂತ

ನೀವು ಹೇಳಿದ್ದು ಸರಿ ಅಣ್ಣ. ನಮ್ಮಲ್ಲಿ ಧೂಳು ಹೀರುವ ಡಕ್ಟ್ ಇದೆ. ಬ್ಲೋವರ್ ಬೆಲ್ಟ್ ಹೋಗಿ ಎರಡು ವಾರ ಆಗಿತ್ತು. ಇವತ್ತು ಹಾಕಿಸಿದೆ. ಇದನ್ನು ಆಡಿಟರ್ ಕೇಳಲೇ ಇಲ್ಲ ನೋಡಿ.

ಬಣ್ಣದ ಬೂತ್

ನಮ್ಮಲ್ಲಿ ಸ್ಪ್ರೇ ಪೇಂಟಿಂಗ್. ಎರಡು ಕ್ಯಾನಿಸ್ಟರ್ (ಆವಿ ತಡೆಯುವ ಡಬ್ಬಿ) ಇರುವ ರಬ್ಬರ್ ಮಾಸ್ಕ್ ಹಾಕುತ್ತೇವೆ. ಅದಕ್ಕೂ ಇದೇ ಸಿಹಿ ಟೆಸ್ಟಾ? ಬಾಳೆಹಣ್ಣಿನ ವಾಸನೆ ತೋರಿಸಿ ಟೆಸ್ಟ್ ಮಾಡುತ್ತಾರೆ ಅಂತ ಯಾರೋ ಹೇಳಿದರು. ತಮಾಷೆ ಮಾಡಿದರೋ ಏನೋ ಗೊತ್ತಿಲ್ಲ.

ನಮ್ಮ ಹುಡುಗನೊಬ್ಬನಿಗೆ ಸಕ್ಕರೆ ಕಾಯಿಲೆ ಇದೆ. ಸ್ಯಾಕರಿನ್ ಆಗುತ್ತಾ ಅಂತ ಕೇಳುತ್ತಿದ್ದಾನೆ.

ಗಾಳಿ ಅಳೆಯುವವಳು

ತಮಾಷೆ ಅಲ್ಲ, ನಿಜ. ಐಸೋಅಮೈಲ್ ಅಸಿಟೇಟ್ ಅಂತ, ಥೇಟ್ ಬಾಳೆಹಣ್ಣಿನ ವಾಸನೆ. ಆದರೆ ಅದು ಆವಿ. ಆರ್ಗ್ಯಾನಿಕ್ ವೇಪರ್ ಕ್ಯಾನಿಸ್ಟರ್ ಇದ್ದರೆ ಮಾತ್ರ ಆ ಟೆಸ್ಟ್. ಬರೀ ಧೂಳಿನ ಮಾಸ್ಕ್ ಹಾಕಿಕೊಂಡು ಮಾಡಿದರೆ ವಾಸನೆ ಬಟ್ಟೆಯ ಮೂಲಕವೇ ಬರುತ್ತದೆ, ಎಲ್ಲರೂ ಫೇಲ್. ಸಿಹಿ ಅಥವಾ ಕಹಿ ಮಂಜಿನ ಟೆಸ್ಟ್ ಮಾಡುವುದಾದರೆ ಕ್ಯಾನಿಸ್ಟರ್ ಮೇಲೆ ಕಣ ತಡೆಯುವ ಫಿಲ್ಟರ್ ಇರಬೇಕು.

ಸಕ್ಕರೆ ಕಾಯಿಲೆಯವರಿಗೆ ಭಯ ಬೇಡ. ಸ್ಯಾಕರಿನ್ ಸಕ್ಕರೆಯಲ್ಲ, ರಕ್ತದ ಸಕ್ಕರೆ ಏರಿಸುವುದಿಲ್ಲ. ಆದರೂ ಬೇಡ ಅನ್ನಿಸಿದರೆ ಬಿಟ್ರೆಕ್ಸ್ ಇದೆ. ಸ್ಪಿರಿಟ್ ಯಾರೂ ಕುಡಿಯದಿರಲಿ ಅಂತ ಬೆರೆಸುವ ಕಹಿ ಅದು. ಹಾಗಲಕಾಯಿ ಅದರ ಮುಂದೆ ಬೆಲ್ಲ. ನನಗೆ ಬಿಟ್ರೆಕ್ಸೇ ಇಷ್ಟ. ಸಿಹಿ ಗೊತ್ತಾದರೂ ಸುಮ್ಮನೆ ಕೂರುವವರು ಇರುತ್ತಾರೆ. ಕಹಿ ಹತ್ತಿದರೆ ಮುಖವೇ ಹೇಳಿಬಿಡುತ್ತದೆ.

ಒಂದು ಎಚ್ಚರಿಕೆ. ನೀವು ಹೊಡೆಯುವುದು ಹಾರ್ಡನರ್ ಬೆರೆಸುವ ಎರಡು ಡಬ್ಬದ ಪಿಯು (ಪಾಲಿಯುರೆಥೇನ್) ಪೇಂಟ್ ಆದರೆ ಅದರಲ್ಲಿ ಶ್ವಾಸಕೋಶಕ್ಕೆ ಅಪಾಯದ ಐಸೋಸಯನೇಟ್ ಇರುತ್ತದೆ. ಕ್ಯಾನಿಸ್ಟರ್ ಮುಗಿದರೂ ವಾಸನೆಯಿಂದ ಗೊತ್ತಾಗುವುದಿಲ್ಲ. ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಕೊಡುವ ಮಾಸ್ಕೇ ಅಲ್ಲಿ ಸರಿ. ಅದಕ್ಕೆ ಬೇರೆಯೇ ಚರ್ಚೆ ಶುರು ಮಾಡಿ, ಬಂದು ಬರೆಯುತ್ತೇನೆ.

ಪೀಣ್ಯ ಎರಡನೇ ಹಂತ

ಮತ್ತೆ ಟೆಸ್ಟ್ ಶುರು ಮಾಡುವ ಮೊದಲೇ ಒಂದು ತೊಡಕು. ಈಗ ಡಿಸೆಂಬರ್. ಫೆಟ್ಲಿಂಗ್‌ನಲ್ಲಿ ನಾಲ್ಕು ಜನ ಅಯ್ಯಪ್ಪ ಮಾಲೆ ಹಾಕಿದ್ದಾರೆ. 41 ದಿನ ಗಡ್ಡ ತೆಗೆಯುವುದಿಲ್ಲ. ಗಡ್ಡ ಇದ್ದರೆ ಟೆಸ್ಟ್ ಮಾಡಬಾರದು ಅಂತ ಕಿಟ್ ಜೊತೆ ಬಂದ ಕಾಗದದಲ್ಲೇ ಇದೆ. ಸ್ವಾಮಿಗಳಿಗೆ ಗಡ್ಡ ತೆಗೆಯಿರಿ ಅಂತ ನಾನಂತೂ ಹೇಳಲಾರೆ. ನಮ್ಮ ಮನೆಯಲ್ಲೂ ಮಾಲೆ ಹಾಕುತ್ತಾರೆ. ಕಳೆದ ಶನಿವಾರ ಅವರೂ ಪಾಸಾಗಿದ್ದರು ಅನ್ನುವುದು ಬೇರೆ ಮಾತು.

ಖರ್ಚು ಲೆಕ್ಕ

ಅದೇ ಹೇಳಿದ್ದು. ನಿಯಮ ಅಲ್ಲೆಲ್ಲೋ ಬರೆಯುತ್ತಾರೆ, ಇಲ್ಲಿ ತಲೆನೋವು ನಮಗೆ. ವ್ರತ ಮಾಡುವವರನ್ನು ಕೆಲಸದಿಂದ ದೂರ ಇಡೋದಾ? ನಾಳೆ ಯೂನಿಯನ್ನಿನವರು ಬಂದರೆ ಯಾರು ಉತ್ತರ ಕೊಡುವುದು?

ಗಾಳಿ ಅಳೆಯುವವಳು

ದೂರ ಇಡುವುದಲ್ಲ ಸರ್, ಜಾಗ ಬದಲಿಸುವುದು. ಗಡ್ಡದ ಕೂದಲು ಮಾಸ್ಕಿನ ಅಂಚಿನ ಅಡಿಗೆ ಬಂದರೆ ಅಲ್ಲಿ ಸೀಲ್ ಇರುವುದಿಲ್ಲ. ಭಕ್ತಿಯ ಗಡ್ಡವಾದರೂ ಅಷ್ಟೆ, ಸೋಮಾರಿತನದ ಗಡ್ಡವಾದರೂ ಅಷ್ಟೆ. ಎರಡು ದಿನದ ಕುರುಚಲಿಗೂ ಇದೇ ಮಾತು. ಮೀಸೆ ಅಂಚಿನ ಒಳಗೇ ಇದ್ದರೆ ಪರವಾಗಿಲ್ಲ.

ದಾರಿ ಎರಡು. ಈ ದಿನಗಳಲ್ಲಿ ಧೂಳಿಲ್ಲದ ಕಡೆ ಕೆಲಸ ಕೊಡಿ. ಇಲ್ಲದಿದ್ದರೆ ಸೊಂಟದಲ್ಲಿ ಬ್ಯಾಟರಿ ಬ್ಲೋವರ್ ಇಟ್ಟು ತಲೆಗೆ ಸಡಿಲವಾದ ಹುಡ್ ಹಾಕುವಂಥದ್ದು ತರಿಸಿ. ಒಳಗಿನ ಗಾಳಿ ಸದಾ ಹೊರಗೆ ತಳ್ಳುತ್ತಿರುವುದರಿಂದ ಗಡ್ಡ ಇದ್ದರೂ ನಡೆಯುತ್ತದೆ, ಫಿಟ್ ಟೆಸ್ಟೂ ಬೇಕಿಲ್ಲ. ಇದಕ್ಕೆ 25 ಪಟ್ಟು ರಕ್ಷಣೆ ಅಂತ ಲೆಕ್ಕ, ಅರ್ಧಮುಖದ ಮಾಸ್ಕಿಗಿಂತ ಜಾಸ್ತಿ. ಬೆಲೆಯೂ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಸಿಖ್ಖರಿಗೆ, ವರ್ಷವಿಡೀ ಗಡ್ಡ ಬಿಡುವ ಮುಸ್ಲಿಂ ಕೆಲಸಗಾರರಿಗೆ ಇದೇ ಕೊಡಬೇಕಾಗುತ್ತದೆ. ಅವರಿಗೆ ಸಂಕ್ರಾಂತಿ ತನಕ ಕಾಯಿರಿ ಅನ್ನಲು ಆಗುವುದಿಲ್ಲವಲ್ಲ.

ಗ್ರೈಂಡರ್ ಸ್ವಾಮಿ

ಸ್ವಾಮಿ ಶರಣಂ. ನಾನೂ ಫೆಟ್ಲಿಂಗ್ ಕೆಲಸದವನೇ, ಬೇರೆ ಕಂಪನಿ. ಏಳನೇ ವರ್ಷದ ಮಾಲೆ. ಯಾರೂ ನಮ್ಮ ಪರವಾಗಿ ಬೇಜಾರು ಮಾಡಿಕೊಳ್ಳುವುದು ಬೇಡ. ಒಂದು ಮಾತು ಕೇಳಿದರೆ ನಾವೇ ಹೇಳುತ್ತೇವೆ.

ಮೊದಲ ಎರಡು ವರ್ಷ ನಾನೂ ಗಡ್ಡದ ಮೇಲೆ ಮಾಸ್ಕ್ ಹಾಕಿ ಕೆಲಸ ಮಾಡಿದೆ. ಸಂಜೆ ಮೂಗು ಸೀನಿದರೆ ಕಪ್ಪು ಬರುತ್ತಿತ್ತು. ಗಡ್ಡ ಇಲ್ಲದ ದಿನಗಳಲ್ಲಿ ಅಷ್ಟು ಬರುತ್ತಿರಲಿಲ್ಲ. ಇದನ್ನು ತಿಳಿಯಲು ನನಗೆ ಯಾವ ಟೆಸ್ಟೂ ಬೇಕಾಗಲಿಲ್ಲ. ಮೂರನೇ ವರ್ಷ ನಾನೇ ಸೂಪರ್‌ವೈಸರ್ ಹತ್ತಿರ ಹೋಗಿ, ಮಾಲೆ ಹಾಕುವ ಹಿಂದಿನ ವಾರ, "ಸಾರ್, ಈ ಸಲ ಇನ್ಸ್‌ಪೆಕ್ಷನ್ ಟೇಬಲ್ಲಿಗೆ ಹಾಕಿ" ಅಂತ ಕೇಳಿದೆ. ಹಾಕಿದರು. ಈಗ ನಮ್ಮಲ್ಲಿ ನವೆಂಬರ್ ಬಂದರೆ ಅವರೇ "ಸ್ವಾಮಿ, ಈ ವರ್ಷ ಯಾರ್ಯಾರು?" ಅಂತ ಪಟ್ಟಿ ಕೇಳುತ್ತಾರೆ.

ಒಂದೇ ಒಂದು ವಿಷಯ. ಗ್ರೈಂಡಿಂಗ್‌ಗೆ ದಿನಕ್ಕೆ ಇಷ್ಟು ಅಂತ ಇನ್ಸೆಂಟಿವ್ ಇರುತ್ತದೆ. ಟೇಬಲ್ಲಿಗೆ ಹಾಕಿದರೆ ಅದು ಹೋಗುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ಅದಕ್ಕೇ ಎಷ್ಟೋ ಜನ ಸುಮ್ನೆ ಮಾಸ್ಕ್ ಹಾಕಿಕೊಂಡು ಅಲ್ಲೇ ನಿಲ್ಲುತ್ತಾರೆ. ಅದನ್ನು ಮೊದಲು ಸರಿಮಾಡಿ. ಗಡ್ಡದ ಜಗಳ ತಾನಾಗೇ ನಿಲ್ಲುತ್ತದೆ.

ಖರ್ಚು ಲೆಕ್ಕ

ಸ್ವಾಮಿ, ಈ ಇನ್ಸೆಂಟಿವ್ ವಿಷಯ ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

ಪೀಣ್ಯ ಎರಡನೇ ಹಂತ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಫಲಿತಾಂಶ ಕೇಳಿದವರಿಗೆ.

ಈ ಸಲ ದಿನಕ್ಕೆ ನಾಲ್ಕೇ ಜನ. ಟೀ ಬಿಡುವಿಗೆ ಮೊದಲು ಇಬ್ಬರು, ಮಧ್ಯಾಹ್ನ ಮೂರರ ಮೇಲೆ ಇಬ್ಬರು. ನಾಲ್ವರು ಸ್ವಾಮಿಗಳನ್ನು ಡಿಸ್‌ಪ್ಯಾಚ್‌ಗೆ ಹಾಕಿದೆವು. ಇನ್ಸೆಂಟಿವ್ ಹಿಂದಿನ ಮೂರು ತಿಂಗಳ ಸರಾಸರಿ ಕೊಡಲು ಮಾಲೀಕರು ಒಪ್ಪಿದರು. ಒಪ್ಪಿಸಲು ನಾನು ಪಟ್ಟ ಪಾಡು ಇಲ್ಲಿ ಬೇಡ. ಉಳಿದವರು 19. ಹಳೆಯ ಮಾಸ್ಕಿನಲ್ಲಿ ಪಾಸಾದವರು 12, ಫೇಲ್ ಏಳು. ಆ ಏಳರಲ್ಲಿ ಕೋರ್ ಶಾಪಿನ ಹೆಂಗಸರೇ ನಾಲ್ಕು. ಸಿಸ್ಟರ್, ನಿಮ್ಮ ಪ್ರಶ್ನೆ ನೆನಪಾಯಿತು.

ಸಣ್ಣ ಸೈಜ್ ತರಿಸಿದೆ. ನಾಲ್ವರಲ್ಲಿ ಮೂವರು ಪಾಸ್. ಒಬ್ಬರಿಗೆ ಬೇರೆ ಆಕಾರದ, ಮಡಿಸುವಂಥ ಮಾಸ್ಕ್ ಹೊಂದಿಕೊಂಡಿತು. ಮಾದರಿ ತರಿಸುವಾಗ ಎಫ್‌ಎಫ್‌ಪಿ2 (ಎನ್‌95 ಥರದ ದರ್ಜೆ) ಅಂತ ಕೇಳಿ, ಇಂಥ ಮಾಸ್ಕಿನ ಭಾರತೀಯ ಮಾನಕವಾದ ಐಎಸ್ 9473 ಗುರುತು ನೋಡಿಕೊಂಡೆ. ಹಳೆಯ ಡಬ್ಬದಲ್ಲಿ ಅದೂ ಇರಲಿಲ್ಲ.

ಮಾತಿನ ವ್ಯಾಯಾಮಕ್ಕೆ ಏನು ಓದಿಸುವುದು ಅಂತ ತಲೆಕೆಡಿಸಿಕೊಂಡಿದ್ದೆ. ಕಿಟ್ ಜೊತೆ ಬಂದಿದ್ದು ಇಂಗ್ಲಿಷ್ ಪಾಠ. ನೂರರಿಂದ ಹಿಂದಕ್ಕೆ ಎಣಿಸಿದರೂ ಆಗುತ್ತದೆ ಅಂತಿತ್ತು. ಒಡಿಶಾದ ಹುಡುಗರು ಒಡಿಯಾದಲ್ಲಿ ಎಣಿಸಿದರು. ಮಧುಗಿರಿ ಕಡೆಯ ಒಬ್ಬರು ಹದಿನೇಳರ ಮಗ್ಗಿ ಹೇಳುತ್ತೇನೆ ಅಂದರು. ಹದಿನೇಳೈದ್ಲೆ ಹತ್ತಿರ ನಿಂತು, "ಸಿಹಿ" ಅಂದರು. ಮಗ್ಗಿ ಮರೆತಿದ್ದಕ್ಕೆ ಹಾಗಂದರೋ ಅಂತ ಮೊದಲು ಅನುಮಾನ ಬಂತು. ಮತ್ತೆ ಮಾಡಿದಾಗಲೂ ಮಾತಾಡುವಾಗಲೇ ಸೋರಿತು. ಸುಮ್ಮನಿದ್ದರೆ ಪಾಸ್, ಬಾಯಿ ತೆರೆದರೆ ಗಲ್ಲದ ಹತ್ತಿರ ಜಾರುತ್ತದೆ. ಗದ್ದಲದ ಜಾಗದಲ್ಲಿ ಅವರು ದಿನವಿಡೀ ಕೂಗಿಕೊಂಡೇ ಕೆಲಸ ಮಾಡುವವರು. ಅವರಿಗೂ ಮಾಡೆಲ್ ಬದಲಿಸಿದೆ. ಇನ್ನೊಬ್ಬ ಹುಡುಗನಿಗೂ ಹಾಗೇ ಆಯಿತು.

ಉಳಿದವರು ಒಬ್ಬರೇ. ನಮ್ಮಲ್ಲೇ ಹಿರಿಯರು, ಮೂವತ್ತು ವರ್ಷದ ಕೈ. ಮೂರು ಮಾಡೆಲ್ ಹಾಕಿದೆ, ಮೂರರಲ್ಲೂ ಫೇಲ್. ಕೆನ್ನೆ ಒಳಗೆ ಹೋಗಿದೆ. ಏನು ಮಾಡುವುದೋ ತಿಳಿಯುತ್ತಿಲ್ಲ.

ನೈಟ್ ಶಿಫ್ಟ್ ಸಿಸ್ಟರ್

ಹಲ್ಲಿನ ಸೆಟ್ ಇದೆಯಾ ಅಂತ ಕೇಳಿ.

ಪೀಣ್ಯ ಎರಡನೇ ಹಂತ

ಸಿಸ್ಟರ್, ನಿಮಗೆ ದೊಡ್ಡ ನಮಸ್ಕಾರ. ಸೆಟ್ ಇದೆ. ಕೆಲಸದ ಹೊತ್ತಿನಲ್ಲಿ ಬಿಚ್ಚಿ ಟಿಫಿನ್ ಡಬ್ಬದ ಮೇಲಿನ ತಟ್ಟೆಯಲ್ಲಿ ಇಡುತ್ತಾರಂತೆ, "ಗ್ರೈಂಡರ್ ಅದುರಿದರೆ ಹಲ್ಲೂ ಅದುರುತ್ತದೆ" ಅಂತ. ಹಾಕಿಸಿ ಕೂರಿಸಿದೆ. ಮೊದಲನೇ ಮಾಡೆಲ್ಲಿನಲ್ಲೇ ಪಾಸ್. ಕೊನೆಗೆ ಅಂಚು ಎತ್ತಿಸಿದೆ, "ಥೂ ಸಿಹಿ" ಅಂದರು.

ದಾಖಲೆಯಲ್ಲಿ "ಹಲ್ಲಿನ ಸೆಟ್ ಹಾಕಿದಾಗ ಮಾತ್ರ" ಅಂತ ಬರೆದಿದ್ದೇನೆ. ದಿನಾ ಹಾಕುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ಸೆಟ್ ಸಡಿಲವಾಗಿದೆ ಅನ್ನುತ್ತಾರೆ. ರಾಜಾಜಿನಗರದ ಇಎಸ್‌ಐಗೆ ಚೀಟಿ ಕೊಟ್ಟು ಕಳಿಸುತ್ತೇನೆ. ಸರಿಮಾಡಿಸಿದ ಮೇಲೆ ಮತ್ತೆ ಟೆಸ್ಟ್ ಮಾಡಬೇಕು ತಾನೇ ಮೇಡಂ?

ಗಾಳಿ ಅಳೆಯುವವಳು

ಮಾಡಲೇಬೇಕು. ಹಲ್ಲು ಬದಲಾದರೆ ಮುಖ ಬದಲಾದ ಹಾಗೆ. ನಾಲ್ವರು ಸ್ವಾಮಿಗಳದು ಸಂಕ್ರಾಂತಿ ಆದ ಮೇಲೆ, ಗಡ್ಡ ತೆಗೆದ ದಿನವೇ ಮಾಡಿಬಿಡಿ. ಮುಂದೂಡಿದರೆ ಕುರುಚಲು ಬರುತ್ತದೆ.

ಖರ್ಚು ಲೆಕ್ಕ

ಪೀಣ್ಯದವರೇ, ಆ ಕಿಟ್ ಒಂದು ವಾರ ಸಾಲ ಸಿಗುತ್ತಾ? ನನ್ನ 14 ಜನಕ್ಕೆ ನೋಡೋಣ ಅಂತ. ದ್ರಾವಣದ ದುಡ್ಡು ಕೊಡುತ್ತೇನೆ.

ಪೀಣ್ಯ ಎರಡನೇ ಹಂತ

ಶನಿವಾರ ಬನ್ನಿ ಸರ್, ಮೆಟ್ರೋ ಸ್ಟೇಷನ್ ಹತ್ತಿರ ಬಂದು ಫೋನ್ ಮಾಡಿ, ತಂದುಕೊಡುತ್ತೇನೆ. ವಾಪಸ್ ಕೊಡುವಾಗ ನೆಬ್ಯುಲೈಜರ್ ಬಿಸಿನೀರಿನಲ್ಲಿ ತೊಳೆದು ತನ್ನಿ.